ಯಾರ ಪಕ್ಕ ನಿಂತು ಕಲಿಯುತ್ತೀ?

ಪುಟ್ಟೀ,

ಈ ರಜೆಯಲ್ಲಿ ಇಂಟರ್ನ್‌ಶಿಪ್ ಎಲ್ಲಿ ಮಾಡಲಿ ಅಂತ ನೀನು ನಿನ್ನೆ ರಾತ್ರಿ ಕೇಳಿದ್ದಕ್ಕೆ ಆಗಲೇ ಒಂದು ಉತ್ತರ ಹೇಳಿಬಿಡಬಹುದಿತ್ತು. ಆದರೆ ಫೋನಿನಲ್ಲಿ ಆಡಿದ ಮಾತು ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತದೆ, ಕಾಗದದ ಮೇಲಿದ್ದರೆ ನಾಲ್ಕು ಸಲ ತಿರುವಿ ನೋಡಬಹುದು. ಅದಕ್ಕೇ ಕಾಫಿ ಕುಡಿದವನು ನೇರವಾಗಿ ಬರೆಯಲು ಕೂತಿದ್ದೇನೆ. ನಿನ್ನ ಚಿಕ್ಕಜ್ಜಿ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ, "ಮಗೂನ ಹೆದರಿಸೋ ಹಾಗೆ ಏನೂ ಬರೀಬೇಡಿ" ಅನ್ನುತ್ತಿದ್ದಾಳೆ.

ಮೊದಲು ಆ ಐದು ಸಾವಿರದ ವಿಷಯ ಮುಗಿಸಿಬಿಡೋಣ. ದುಡ್ಡು ಕಟ್ಟಿದರೆ ಆರು ವಾರದ ಆನ್‌ಲೈನ್ ಇಂಟರ್ನ್‌ಶಿಪ್, ಮುಗಿದ ದಿನ ಸರ್ಟಿಫಿಕೇಟ್, ನಿನ್ನ ಕ್ಲಾಸಿನ ಅರ್ಧಕ್ಕರ್ಧ ಹುಡುಗರು ಕಟ್ಟಿದ್ದಾರೆ ಅಂದೆ. ಕಟ್ಟಬೇಡ. ಗದ್ದೆ ಕೆಲಸಕ್ಕೆ ಹೋದವಳು ಯಜಮಾನನಿಗೇ ಕೂಲಿ ಕೊಟ್ಟು ಬರುವುದು ಎಲ್ಲಾದರೂ ಉಂಟೇ? ಕೋರ್ಸಿಗೆ ಶುಲ್ಕ ಕೊಡುವುದು ಬೇರೆ. ಅದು ಕೋರ್ಸು ಎಂದು ಹೇಳಿಕೊಂಡೇ ಬರುತ್ತದೆ, ಇಷ್ಟವಿದ್ದರೆ ಸೇರಬಹುದು. ಕೆಲಸದ ಹೆಸರು ಹೇಳಿಕೊಂಡು ಕೆಲಸ ಮಾಡುವವರ ಹತ್ತಿರವೇ ದುಡ್ಡು ಕೇಳುವ ಕಡೆ ಕಲಿಸುವ ಮನಸ್ಸು ಇರುವುದಿಲ್ಲ. ಇನ್ನೊಂದು ಮಾತು. ಯಾವ ಕಂಪನಿಯಾಗಲಿ, ಎಷ್ಟೇ ದೊಡ್ಡದಾಗಲಿ, ಎಸ್ಸೆಸ್ಸೆಲ್ಸಿ, ಪಿಯುಸಿಯ ಮೂಲ ಅಂಕಪಟ್ಟಿ ನಮ್ಮ ಹತ್ತಿರ ಇಟ್ಟು ಹೋಗು ಅಂದರೆ ಎದ್ದು ಬಂದುಬಿಡು. ಜೆರಾಕ್ಸ್ ಕೊಡು, ಮೂಲ ತೋರಿಸು, ತೋರಿಸಿದ ಮೇಲೆ ಚೀಲಕ್ಕೆ ಹಾಕಿಕೊ.

ಇನ್ನು ಎರಡನೆಯದು. ಬೆಂಗಳೂರಿನ ಆ ದೊಡ್ಡ ಕಂಪನಿ. ಸ್ನೇಹಿತೆಯ ಮಾವನವರು ಹೇಳಿಸುತ್ತಾರಂತೆ, ಒಂದು ತಿಂಗಳು, ಗಾಜಿನ ಕಟ್ಟಡ, ಹೆಸರು ಕೇಳಿದರೆ ಊರಿನವರೆಲ್ಲ ಹುಬ್ಬೇರಿಸುತ್ತಾರೆ. ಅಲ್ಲಿ ಏನು ಕೆಲಸ ಅಂತ ನಾನು ಕೇಳಿದಾಗ ನೀನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ, "ಗೊತ್ತಿಲ್ಲ ತಾತ, ಹೋದ ಮೇಲೆ ಹೇಳ್ತಾರಂತೆ" ಅಂದೆ. ಆ ಉತ್ತರ ನನ್ನನ್ನು ರಾತ್ರಿಯೆಲ್ಲ ಕಾಡಿತು. ಯಾಕೆ ಅಂತ ಹೇಳುತ್ತೇನೆ.

1973ರಲ್ಲಿ ನಾನು ಡಿಪ್ಲೊಮಾ ಓದುತ್ತಿದ್ದೆ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನ ಹುಡುಗ. ರಜೆಯಲ್ಲಿ ಒಂದು ದೊಡ್ಡ ಕಾರ್ಖಾನೆಯಲ್ಲಿ ನಲವತ್ತು ದಿನ ತರಬೇತಿ ಸಿಕ್ಕಿತು. ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು. ನಲವತ್ತು ದಿನವೂ ನನ್ನನ್ನು ಒಂದು ಆಫೀಸು ಕೋಣೆಯಲ್ಲಿ ಕೂರಿಸಿದರು. ಒಂದು ಟೇಬಲ್ಲಿನ ಫೈಲನ್ನು ಇನ್ನೊಂದು ಟೇಬಲ್ಲಿಗೆ ಒಯ್ಯುವುದು, ರಿಜಿಸ್ಟರಿಗೆ ಗೆರೆ ಹಾಕುವುದು. ಗೋಡೆಯ ಆಚೆ ಯಂತ್ರಗಳ ಸದ್ದು ಕೇಳುತ್ತಿತ್ತು. ಹೋಗಿ ನೋಡಲೇ ಅಂತ ಕೇಳುವ ಧೈರ್ಯ ನನಗೂ ಬರಲಿಲ್ಲ, ಬಾ ನೋಡು ಅಂತ ಕರೆಯುವ ಪುರುಸೊತ್ತು ಅವರಿಗೂ ಇರಲಿಲ್ಲ. ಕೊನೆಯ ದಿನ ದಪ್ಪ ಕಾಗದದ ಮೇಲೆ ಟೈಪು ಮಾಡಿದ ಸರ್ಟಿಫಿಕೇಟ್ ಕೊಟ್ಟರು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಕೆಳಗೆ ತೂಗುಹಾಕಿದರು. ಮರುವರ್ಷ ಒಂದು ಇಂಟರ್‌ವ್ಯೂನಲ್ಲಿ ವಯಸ್ಸಾದ ಎಂಜಿನಿಯರರೊಬ್ಬರು ಸರ್ಟಿಫಿಕೇಟನ್ನು ನೋಡಿ ಬದಿಗಿಟ್ಟು, "ಸುಟ್ಟುಹೋದ ಮೋಟರನ್ನು ಯಾವತ್ತಾದರೂ ಬಿಚ್ಚಿ ನೋಡಿದ್ದೀಯೇನಪ್ಪ?" ಅಂದರು. ಇಲ್ಲ ಅಂದೆ. ಅವರು ಬೈಯಲಿಲ್ಲ. ಮುಂದಿನವರನ್ನು ಕಳಿಸು ಅಂದರು, ಅಷ್ಟೇ. ಮನೆಗೆ ಬಂದು ಆ ಕಟ್ಟು ಹಾಕಿದ ಕಾಗದವನ್ನು ನೋಡಿದಾಗ ಆದ ಸಂಕಟ ಇವತ್ತಿಗೂ ಮರೆತಿಲ್ಲ.

ಹಾಗಾಗಿ ನಾನು ನಿನಗೆ ಹೇಳುವುದು ಒಂದೇ. ಗೇಟಿನ ಮೇಲಿನ ಬೋರ್ಡು ನೋಡಿ ಜಾಗ ಆರಿಸಬೇಡ. ಒಳಗೆ ಹೋದ ಮೇಲೆ ಯಾರ ಪಕ್ಕ ನಿಲ್ಲುತ್ತೀಯೆ, ಅವರ ಕೈ ಏನು ಮಾಡುತ್ತಿರುತ್ತದೆ, ನೀನು ಕೇಳಿದರೆ ಅವರು ತಿರುಗಿ ನೋಡುತ್ತಾರೆಯೇ, ಇದನ್ನು ಮೊದಲು ತಿಳಿದುಕೊ. ಕಂಪನಿಯವರಿಗೆ ಫೋನು ಮಾಡಿ, "ನನ್ನನ್ನು ಯಾರ ಕೈಕೆಳಗೆ ಹಾಕುತ್ತೀರಿ, ಅವರು ಯಾವ ಕೆಲಸದ ಮೇಲಿದ್ದಾರೆ" ಅಂತ ವಿನಯವಾಗಿ ಕೇಳು. ಕೇಳುವುದು ಉದ್ಧಟತನವಲ್ಲ. ಒಂದು ಹೆಸರು, ಒಂದು ಕೆಲಸ ಹೇಳಿದರೆ ಹೋಗು. ನೋಡೋಣ, ಬಾ ಅಂದರೆ ಈ ರಜೆಯನ್ನು ಅಲ್ಲಿ ಕಳೆಯಬೇಡ.

ಈಗ ನನ್ನ ಮನಸ್ಸಿನಲ್ಲಿರುವ ಮೂರನೆಯ ಜಾಗ. ಇಲ್ಲಿ ಚೆನ್ನೈನಲ್ಲಿ ನಮ್ಮ ಮನೆಯಿಂದ ಕಾಸಿಮೇಡಿನ ಕಡೆ ಹತ್ತು ನಿಮಿಷ ನಡೆದರೆ ಒಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ನೀನು ಚಿಕ್ಕವಳಿದ್ದಾಗ ಮೀನುಬಂದರು ತೋರಿಸಲು ಕರೆದುಕೊಂಡು ಹೋದ ದಾರಿಯೇ. ತಗಡಿನ ಮಾಡು, ಮುಂದೆ ತಾಮ್ರದ ತಂತಿಯ ಉಂಡೆಗಳು, ಒಳಗೆ ವಾರ್ನಿಷ್ ವಾಸನೆ. ಮೇಸ್ತ್ರಿಗೆ ಅರವತ್ತು ದಾಟಿದೆ, ಶಾಲೆಗೆ ಹೋದದ್ದು ಎಂಟನೇ ಕ್ಲಾಸಿನವರೆಗೆ. ಅವರ ಪಕ್ಕ ಒಂದು ಸಂಜೆ ನಿಂತು ನಾನು ಕಂಡದ್ದನ್ನು ಹೇಳುತ್ತೇನೆ.

ಹೋದ ವರ್ಷ ಜನವರಿ. ಬಂದರಿನ ಒಂದು ಐಸ್ ಫ್ಯಾಕ್ಟರಿಯ ಕಂಪ್ರೆಸರ್ ಮೋಟರ್ ಸುಟ್ಟು ಅಂಗಡಿಗೆ ಬಂದಿತ್ತು. ನಿನಗೆ ಗೊತ್ತಿರಲಿ, ಐಸಿಲ್ಲದೆ ದೋಣಿ ಕಡಲಿಗೆ ಇಳಿಯುವುದಿಲ್ಲ. ಉಪ್ಪುನೀರಿನ ತೊಟ್ಟಿಯಲ್ಲಿ ಸಾಲುಸಾಲಾಗಿ ತಗಡಿನ ಡಬ್ಬಿ ಮುಳುಗಿಸಿ, ಅಮೋನಿಯಾದಿಂದ ಆ ನೀರನ್ನು ತಣ್ಣಗೆ ಮಾಡಿ, ಡಬ್ಬಿಯೊಳಗಿನ ನೀರನ್ನು ಗಡ್ಡೆ ಕಟ್ಟಿಸುತ್ತಾರೆ. ಕಂಪ್ರೆಸರ್ ನಿಂತರೆ ಎಲ್ಲವೂ ನಿಂತಂತೆ. ಫ್ಯಾಕ್ಟರಿಯವರು ಬಾಗಿಲಲ್ಲೇ ನಿಂತಿದ್ದರು. ಮೇಸ್ತ್ರಿ ಅವಸರ ಮಾಡಲಿಲ್ಲ. ಕವರ್ ಬಿಚ್ಚಿ, ರೋಟರ್ ಹೊರಗೆಳೆದು, ಟಾರ್ಚು ಬಿಟ್ಟು ಸ್ಟೇಟರಿನ ಒಳಗೆ ಸುತ್ತಲೂ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಸುರುಳಿಗಳಲ್ಲಿ ಒಂದು ಗುಂಪು ಕರ್ರಗಾಗಿದೆ, ಅದರ ಪಕ್ಕದ ಎರಡು ಗುಂಪು ಹೊಸದರ ಹಾಗೆ ಹೊಳೆಯುತ್ತಿದೆ, ಮತ್ತೆ ಒಂದು ಕರ್ರಗೆ, ಮತ್ತೆ ಎರಡು ಹೊಳಪು. "ಡೆಲ್ಟಾ ಕನೆಕ್ಷನ್ನು. ಲೈನಿನಲ್ಲಿ ಒಂದು ಫೇಸ್ ಹೋಗಿದೆ, ಮೋಟರ್ ಹಾಗೇ ಓಡಿದೆ" ಅಂದರು ತಮಿಳಿನಲ್ಲಿ. ಆಮೇಲೆ ಫ್ಯಾಕ್ಟರಿಯವರ ಕಡೆ ತಿರುಗಿ, "ನಾನು ಸುತ್ತಿ ಕೊಡುತ್ತೇನೆ, ಆದರೆ ನಿಮ್ಮ ಪ್ಯಾನೆಲ್ಲಿನ ಫ್ಯೂಸು, ಕಾಂಟ್ಯಾಕ್ಟರು ನೋಡದೆ ಇದನ್ನು ಹಾಕಿದರೆ ನಾಳೆ ಮತ್ತೆ ಇಲ್ಲಿಗೇ ತರುತ್ತೀರಿ" ಅಂದರು.

ಪುಟ್ಟೀ, ಇದು ನಿನ್ನ ಪುಸ್ತಕದಲ್ಲಿ ಇದೆ. ಸಿಂಗಲ್ ಫೇಸಿಂಗ್ ಅಂತ ಒಂದು ಪ್ಯಾರಾ, ಒಂದು ವೆಕ್ಟರ್ ಚಿತ್ರ, ಎರಡು ಸಮೀಕರಣ. ಡೆಲ್ಟಾದಲ್ಲಿ ಒಂದು ಫೇಸಿನ ಸುರುಳಿ ಮಿಕ್ಕೆರಡಕ್ಕಿಂತ ಹೆಚ್ಚು ಕರೆಂಟ್ ಹೊತ್ತು ಸುಡುತ್ತದೆ. ಸ್ಟಾರಿನಲ್ಲಾದರೆ ಎರಡು ಸುಡುತ್ತವೆ, ಒಂದು ಉಳಿಯುತ್ತದೆ. ಮೂರೂ ಸಮನಾಗಿ ಕರ್ರಗಾಗಿದ್ದರೆ ಹೊರೆ ಹೆಚ್ಚಾಗಿದೆ, ಇಲ್ಲವೇ ಗಾಳಿ ಆಡಿಲ್ಲ. ಪರೀಕ್ಷೆಯಲ್ಲಿ ನೀನು ಇದನ್ನು ಬರೆದು ಅಂಕ ತೆಗೆದಿರುತ್ತೀಯೆ. ಆದರೆ ಆ ಕಪ್ಪು ಸುರುಳಿಯನ್ನು ಒಂದು ಸಲ ಬೆರಳಲ್ಲಿ ಮುಟ್ಟಿ, ಮಸಿ ಮೂಸಿ, ಪಕ್ಕದ ಹೊಳೆಯುವ ಸುರುಳಿಯ ಜೊತೆ ಹೋಲಿಸಿ ನೋಡಿದವಳಿಗೆ ಆ ಪ್ಯಾರಾ ಸಾಯುವವರೆಗೆ ಮರೆಯುವುದಿಲ್ಲ. ಮೇಸ್ತ್ರಿಗೆ ಸಮೀಕರಣ ಬರುವುದಿಲ್ಲ, ನಿನಗೆ ಬರುತ್ತದೆ. ಅವರಿಗೆ ಕಣ್ಣಿದೆ, ಅದು ನಿನಗಿನ್ನೂ ಬರಬೇಕು. ಒಂದು ತಿಂಗಳು ಜೊತೆಗೆ ಇದ್ದರೆ ಇಬ್ಬರಿಗೂ ಲಾಭ.

ಅವತ್ತು ಅವರು ಹಳೆಯ ಸುರುಳಿ ಕತ್ತರಿಸುವ ಮೊದಲು ಮಾಡಿದ ಕೆಲಸವನ್ನೂ ಹೇಳಬೇಕು. ಒಂದು ಸುರುಳಿಯ ಸುತ್ತುಗಳನ್ನು ಒಂದೊಂದಾಗಿ ಎಣಿಸಿದರು. ತಂತಿಯ ಮೇಲಿನ ಇನಾಮೆಲ್ ಸುಟ್ಟು ತೆಗೆದು ಗೇಜಿನಲ್ಲಿ ಅಳೆದರು. ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿದೆ ಅಂತ ಒಂದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದರು. ಮತ್ತೊಮ್ಮೆ ಎಣಿಸಿದರು. "ಒಂದು ಸಲ ಎಣಿಸಿದರೆ ಸಾಲದೇ?" ಅಂದೆ. "ಕತ್ತರಿಸಿದ ಮೇಲೆ ಎಣಿಸೋದಕ್ಕೆ ಆಗೋದಿಲ್ಲವಲ್ಲ" ಅಂದರು. ಇಂಥವರ ಪಕ್ಕ ನಿಂತುಕೊ ಅನ್ನುತ್ತಿದ್ದೇನೆ ನಾನು.

ನಿನ್ನ ರಜೆ ಮೇ ತಿಂಗಳಲ್ಲಿ ಬೀಳುತ್ತಿರುವುದು ಒಳ್ಳೆಯದೇ ಆಯಿತು. ಮಂಗಳೂರು, ಮಲ್ಪೆ ಕಡೆ ಜೂನ್, ಜುಲೈನಲ್ಲಿ ದೋಣಿಗಳು ದಡ ಸೇರುವ ಹಾಗೆ ಇಲ್ಲಿ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ. ದೋಣಿಗಳೆಲ್ಲ ಬಂದರಿನಲ್ಲಿ ಒತ್ತಿಕೊಂಡು ನಿಂತಿರುತ್ತವೆ. ಆಗಲೇ ಡೀಸೆಲ್ ಎಂಜಿನ್ ಬಿಚ್ಚುವುದು, ಗೇರ್‌ಬಾಕ್ಸ್ ನೋಡುವುದು, ಪಂಪು, ಡೈನಮೋ, ಐಸ್ ಫ್ಯಾಕ್ಟರಿಯ ಮೋಟರುಗಳನ್ನೆಲ್ಲ ಸಾವಕಾಶವಾಗಿ ಕಳಚಿ ಕೂಡಿಸುವುದು. ಮಿಕ್ಕ ಹತ್ತು ತಿಂಗಳು ಮೇಸ್ತ್ರಿಗೆ ಮಾತಾಡಲು ಪುರುಸೊತ್ತಿಲ್ಲ. ಈ ಎರಡು ತಿಂಗಳು ಕೇಳಿದರೆ ಹೇಳುತ್ತಾರೆ. ನಾನು ಮಾತಾಡಿದ್ದೇನೆ. "ಎಂಜಿನಿಯರಿಂಗ್ ಓದೋ ಮಗು ನಮ್ಮಲ್ಲಿಗಾ?" ಅಂತ ಮೊದಲು ನಂಬಲಿಲ್ಲ. ಆಮೇಲೆ, "ಕೈಗೆ ಮಸಿ ಆಗುತ್ತೆ, ಅಳಬಾರದು ಅಂತ ಹೇಳಿ" ಅಂದರು.

ಇಲ್ಲಿ ನಿನಗೊಂದು ಅನುಮಾನ ಬಂದಿರುತ್ತದೆ. ಈ ತಗಡಿನ ಅಂಗಡಿಯ ತಿಂಗಳನ್ನು ಕಾಲೇಜು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಯೇ? ತೆಗೆದುಕೊಳ್ಳದಿರಬಹುದು. ನಿಮ್ಮ ವಿಶ್ವವಿದ್ಯಾಲಯ ವಿಟಿಯುನ 2022ರ ಪಠ್ಯಕ್ರಮದಲ್ಲಿ ಕೊನೆಯ ವರ್ಷ 14ರಿಂದ 20 ವಾರದ ಇಂಟರ್ನ್‌ಶಿಪ್ ಇದೆಯಲ್ಲ, ಅದು ಬೇರೆ. ಅದಕ್ಕೆ ಲೆಟರ್‌ಹೆಡ್ ಬೇಕು, ಕಾಲೇಜಿನ ಗೈಡು ಬೇಕು, ವರದಿ ಬೇಕು. ಆಗ ನೀನು ಆ ಗಾಜಿನ ಕಟ್ಟಡದ ಕಂಪನಿಗೆ ಅರ್ಜಿ ಹಾಕು, ಸಂತೋಷದಿಂದ ಹೋಗು. ಆದರೆ ಆಗ ಹೋಗುವಾಗ ನೀನು ಮೋಟರ್ ಬಿಚ್ಚಿದವಳಾಗಿರುತ್ತೀಯೆ. ಅವರು ಕೊಡುವ ಕೆಲಸವೂ ಬೇರೆಯಾಗಿರುತ್ತದೆ, ನೀನು ಕೇಳುವ ಪ್ರಶ್ನೆಯೂ ಬೇರೆಯಾಗಿರುತ್ತದೆ. ಈಗಿನ ರಜೆಗೆ ಅಂಕವಿಲ್ಲ, ಕ್ರೆಡಿಟ್ಟಿಲ್ಲ. ಅದಕ್ಕೇ ಇದು ನಿನ್ನದು.

ಪ್ರಶ್ನೆ ಕೇಳುವುದರ ಬಗ್ಗೆ ಇನ್ನೊಂದು ಹೇಳಬೇಕು. ಇದು ನನ್ನ ಶೆಡ್ಡಿನ ಮಾತು. ನಾನು ರಾಯಪುರಂನ ಎಲೆಕ್ಟ್ರಿಕ್ ಲೋಕೋ ಶೆಡ್ಡಿನಲ್ಲಿದ್ದಾಗ ಕಾಲೇಜು ಹುಡುಗರು ಇನ್‌ಪ್ಲಾಂಟ್ ಟ್ರೈನಿಂಗ್‌ಗೆ ಬರುತ್ತಿದ್ದರು. ಇಲ್ಲಿ ಸಮುದ್ರ ಪಕ್ಕದಲ್ಲೇ. ಉಪ್ಪುಗಾಳಿ ಲೋಕೋದ ನೆತ್ತಿಯ ಮೇಲಿನ ಇನ್ಸುಲೇಟರುಗಳ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಕೂರುತ್ತದೆ. ಒಣಗಿದ್ದಾಗ ಏನೂ ಮಾಡುವುದಿಲ್ಲ. ಬೆಳಗಿನ ಇಬ್ಬನಿ ಬಿದ್ದು ನೆಂದರೆ ಅದೇ ಕರೆಂಟಿಗೆ ದಾರಿಯಾಗಿಬಿಡುತ್ತದೆ. ಹಾಗಾಗಿ ಮೇಲೆ ಹತ್ತಿ ಒರೆಸಬೇಕು. ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್. ಹತ್ತುವ ಮುಂಚೆ ಐಸೋಲೇಟರ್ ತೆರೆದು ಆ ಲೈನಿನ ಕರೆಂಟ್ ತೆಗೆಯಬೇಕು, ತಂತಿಯನ್ನು ಅರ್ತ್ ಮಾಡಬೇಕು. ಒಂದು ಬೆಳಿಗ್ಗೆ ಏಣಿಯ ಬುಡದಲ್ಲಿ ಒಬ್ಬ ಹುಡುಗ ನಿಂತುಬಿಟ್ಟ. ಬಂದು ಮೂರು ದಿನವಾಗಿತ್ತು ಅಷ್ಟೇ. "ಹತ್ತಪ್ಪ" ಅಂದರು ಮುಂದೆ ಹತ್ತುತ್ತಿದ್ದ ಫಿಟ್ಟರ್. "ಸಾರ್, ಅರ್ತಿಂಗ್ ರಾಡ್ ಎಲ್ಲಿ ಹಾಕಿದ್ದೀರಿ, ನಾನೊಂದು ಸಲ ನೋಡಬಹುದಾ?" ಅಂದ. ಅವನ ಜೊತೆಯ ಹುಡುಗರು ಕಿಸಕ್ಕಂದರು. ಮೂವತ್ತು ವರ್ಷ ಸರ್ವೀಸಿನ ಆ ಫಿಟ್ಟರ್ ನಗಲಿಲ್ಲ. ಅರ್ಧ ಏಣಿ ಹತ್ತಿದ್ದವರು ಇಳಿದು ಬಂದು, ಹುಡುಗನ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋಗಿ ರಾಡನ್ನು ತೋರಿಸಿ, ಆಮೇಲೆ ಇಬ್ಬರೂ ಒಟ್ಟಿಗೆ ಹತ್ತಿದರು. ಸಂಜೆ ಫೋರ್‌ಮನ್ ಬಂದು ಆ ಹುಡುಗನ ಹೆಸರು, ಕಾಲೇಜು ಕೇಳಿ ಬರೆದುಕೊಂಡರು. ನಕ್ಕವರ ಹೆಸರನ್ನು ಯಾರೂ ಕೇಳಲಿಲ್ಲ.

ಗೊತ್ತಿಲ್ಲ ಅನ್ನುವುದಕ್ಕೆ ನಾಚಬೇಡ. ತರಬೇತಿಗೆ ಬಂದವಳು ಕೇಳಿದರೆ ಎಲ್ಲರೂ ಹೇಳುತ್ತಾರೆ. ಐದು ವರ್ಷ ಸರ್ವೀಸಾದ ಮೇಲೆ ಅದನ್ನೇ ಕೇಳಿದರೆ ಮುಖ ನೋಡುತ್ತಾರೆ. ಇಂಟರ್ನ್‌ಶಿಪ್ಪಿನ ದೊಡ್ಡ ಭಾಗ್ಯ ಇದೇ.

ನೀನು ಹೆಣ್ಣುಮಗಳು ಅಂತ ನಿಮ್ಮಪ್ಪ ಹಿಂಜರಿಯುತ್ತಿದ್ದಾನೆ. ಅವನ ಹೆದರಿಕೆಯನ್ನು ತಳ್ಳಿಹಾಕುವುದಿಲ್ಲ ನಾನು. ಆದರೆ ಅವನಿಗೆ ಎರಡು ಕತೆ ಹೇಳು. ಇದೇ ಊರಿನ ಗಿಂಡಿಯ ಎಂಜಿನಿಯರಿಂಗ್ ಕಾಲೇಜು 1794ರಲ್ಲಿ ಎಂಟು ಹುಡುಗರ ಸರ್ವೆ ಶಾಲೆಯಾಗಿ ಶುರುವಾದದ್ದು. ಅಲ್ಲಿ ಮೊದಲ ಹೆಣ್ಣುಮಗಳು ಎಂಜಿನಿಯರಾಗಿ ಹೊರಬರಲು 1943 ಬರಬೇಕಾಯಿತು. ಎ. ಲಲಿತಾ ಅಂತ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು, ಕೈಯಲ್ಲಿ ಎಳೆಗೂಸು ಇಟ್ಟುಕೊಂಡವಳು. ಅಪ್ಪ ಅದೇ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರೊಫೆಸರು, ಮಗಳನ್ನು ಕರೆದುಕೊಂಡು ಹೋಗಿ ಸೇರಿಸಿದರು. ನಿನ್ನದೇ ವಿಷಯ, ಎಲೆಕ್ಟ್ರಿಕಲ್. ಪ್ರಾಯೋಗಿಕ ತರಬೇತಿಗೆ ಆಕೆ ಹೋದದ್ದು ಎಲ್ಲಿಗೆ ಗೊತ್ತೇ? ಬಿಹಾರದ ಜಮಾಲ್‌ಪುರ ರೈಲ್ವೆ ವರ್ಕ್‌ಶಾಪಿಗೆ. ಮುಂದೆ ವಿದ್ಯುತ್ ಲೈನುಗಳ ವಿನ್ಯಾಸ ಮಾಡಿದರು, ಭಾಕ್ರಾ ನಂಗಲ್ ಅಣೆಕಟ್ಟಿಗೂ ಕೆಲಸ ಮಾಡಿದರು.

ಇನ್ನೊಬ್ಬರು ನಮ್ಮವರೇ, ರಾಜೇಶ್ವರಿ ಚಟರ್ಜಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, 1947ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಎಂ.ಎಸ್. ಮುಗಿದ ಮೇಲೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರೇಡಿಯೊ ತರಂಗಗಳ ಅಳತೆಯ ವಿಭಾಗದಲ್ಲಿ ಎಂಟು ತಿಂಗಳು ತರಬೇತಿ. ಅಳೆಯುವುದನ್ನು ಕಲಿತು ಬಂದ ಆ ಹೆಣ್ಣುಮಗಳು ಮುಂದೆ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿ, ಸಂಶೋಧನೆ ಬೆಳೆಸಿದರು.

ಹಾಗೆಂದು ಕಣ್ಣು ಮುಚ್ಚಿಕೊಂಡು ಎಲ್ಲಿಗೂ ಹೋಗಬೇಡ. ಹೆಂಗಸರಿಗೆ ಶೌಚಾಲಯ ಎಲ್ಲಿದೆ, ಶಿಫ್ಟು ಎಷ್ಟಕ್ಕೆ ಬಿಡುತ್ತದೆ, ಬಸ್ಸು ಸಿಗುತ್ತದೆಯೇ, ಇದನ್ನು ಮೊದಲ ದಿನವೇ ಕೇಳು. ಸಂಕೋಚದ ವಿಷಯವಲ್ಲ. ಹತ್ತು ಜನ ಅಥವಾ ಹೆಚ್ಚು ಕೆಲಸ ಮಾಡುವ ಕಡೆ ಕಿರುಕುಳದ ಬಗ್ಗೆ ಹೆಂಗಸರ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾಯಿದೆ ಹೇಳುತ್ತದೆ. ಆ ಕಾಯಿದೆ ಪಕ್ಕಾ ನೌಕರಿಯವರಿಗೆ ಮಾತ್ರವಲ್ಲ, ತರಬೇತಿಯವರಿಗೂ ಅಪ್ರೆಂಟಿಸ್‌ಗಳಿಗೂ ಅನ್ವಯ. ನಾನು ನಾಲ್ಕು ದಿನ ಇದ್ದು ಹೋಗುವವಳು, ನನಗೇನು ಹಕ್ಕು ಅಂತ ಯಾವತ್ತೂ ಅಂದುಕೊಳ್ಳಬೇಡ. ಮೇಸ್ತ್ರಿಯ ಅಂಗಡಿ ಅಷ್ಟು ದೊಡ್ಡದಲ್ಲ. ಅಲ್ಲಿ ಅವರ ಸೊಸೆ ಲೆಕ್ಕ ನೋಡುತ್ತಾಳೆ, ಊಟಕ್ಕೆ ನೀನು ಮನೆಗೆ ಬರುತ್ತೀಯೆ, ಸಂಜೆ ಕರೆದುಕೊಂಡು ಬರಲು ನಾನಿದ್ದೇನೆ.

ಡಿಗ್ರಿ ಮುಗಿದ ಮೇಲೆ ಏನು ಅಂತಲೂ ಕೇಳಿದೆ. ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕರೆ ಸರಿ, ಸಿಗದಿದ್ದರೆ ಬದುಕೇ ಮುಗಿಯಿತು ಅನ್ನುವ ಹಾಗೆ ನಿನ್ನ ಕಾಲೇಜಿನಲ್ಲಿ ಮಾತಾಡಿಕೊಳ್ಳುತ್ತಾರಂತೆ. ಹಾಗಿಲ್ಲ ಮಗು. 1961ರ ಅಪ್ರೆಂಟಿಸ್ ಕಾಯಿದೆ ಅಂತ ಒಂದಿದೆ. ಮೊದಲು ಅದು ಐಟಿಐ ಥರದ ಕಸುಬಿನವರಿಗೆ ಇತ್ತು. 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಸೇರಿಸಿದರು. ಆ ಇಂಟರ್‌ವ್ಯೂನಲ್ಲಿ ತಲೆ ತಗ್ಗಿಸಿ ಬಂದ ನನಗೆ ದಾರಿ ತೋರಿಸಿದ್ದು ಇದೇ. ಒಂದು ವರ್ಷದ ಅಪ್ರೆಂಟಿಸ್ ಆಗಿ ಬೆಂಗಳೂರಿನಿಂದ ಮದ್ರಾಸಿನ ರೈಲು ಹತ್ತಿದೆ, ಟ್ರಂಕು ಹಿಡಿದುಕೊಂಡು. ಆ ವರ್ಷ ನಾನು ಯಾರ ಪಕ್ಕ ನಿಂತೆನೋ ಅವರಿಂದಲೇ ಮೋಟರ್ ಬಿಚ್ಚುವುದನ್ನು ಕಲಿತೆ. ಅದರಿಂದಲೇ ನೌಕರಿ, ಈ ಮನೆ, ಈ ಊರು.

ಕರ್ನಾಟಕದ ಪದವೀಧರರ ಅಪ್ರೆಂಟಿಸ್‌ಶಿಪ್ ನೋಡಿಕೊಳ್ಳುವ ದಕ್ಷಿಣ ವಲಯದ ಮಂಡಳಿ ಇಲ್ಲೇ ಚೆನ್ನೈನ ತರಮಣಿಯಲ್ಲಿದೆ. ಈ ಯೋಜನೆಗೆ ನ್ಯಾಟ್ಸ್ ಅನ್ನುತ್ತಾರಲ್ಲ, ಅದರ ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸಬೇಕು. ದುಡ್ಡು ಕಟ್ಟುವ ಹಾಗಿಲ್ಲ, ಅವರೇ ನಿನಗೆ ಕೊಡುತ್ತಾರೆ. 2019ರಲ್ಲಿ ತಿದ್ದಿದ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕಡಿಮೆ ಎಂದರೂ 9,000 ರೂಪಾಯಿ ಸ್ಟೈಪೆಂಡು, ಡಿಪ್ಲೊಮಾದವರಿಗೆ 8,000 ಅಂತ ಗೊತ್ತುಮಾಡಿದ್ದರು. ಅರ್ಜಿ ಹಾಕುವ ದಿನ ಆಗಿನ ದರ ನೋಡಿಕೊ. 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ತಮ್ಮ ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಹಾಗಾಗಿ ಜಾಗಗಳಿವೆ. ವರ್ಷ ಮುಗಿದ ಮೇಲೆ ಕಾಯಂ ಕೆಲಸ ಕೊಡಲೇಬೇಕು ಎಂದು ಕಾಯಿದೆ ಹೇಳುವುದಿಲ್ಲ, ಅದನ್ನೂ ತಿಳಿದುಕೊಂಡೇ ಹೋಗು. ಮುಗಿದ ಮೇಲೆ ಸಿಗುವ ಪ್ರಾವೀಣ್ಯ ಪತ್ರ ಮಾತ್ರ ಸರ್ಕಾರದ್ದು.

ಸಂಶೋಧನೆ ಕಡೆ ಮನಸ್ಸಿದ್ದರೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಇದೆ. ಅದರ ಪ್ರಕಟಣೆ ಹಿಂದಿನ ವರ್ಷದ ಕೊನೆಯಲ್ಲೇ ಬರುತ್ತದೆ, ಮಾರ್ಚಿನಲ್ಲಿ ಎಚ್ಚೆತ್ತರೆ ಆಗುವುದಿಲ್ಲ. ಐಐಟಿ ಮದ್ರಾಸಿನಲ್ಲೂ ಬೇಸಿಗೆ ಫೆಲೋಶಿಪ್ ಇದೆ. ಗೇಟ್ ಪರೀಕ್ಷೆ ಬರೆದರೆ ಎಂ.ಟೆಕ್ ಒಂದೇ ಅಲ್ಲ, ಸರ್ಕಾರಿ ಸ್ವಾಮ್ಯದ ಹಲವು ಕಂಪನಿಗಳೂ ಅದರ ಅಂಕ ನೋಡಿ ಕರೆಯುತ್ತವೆ. ರೈಲ್ವೆಯಲ್ಲಿ ಜೂನಿಯರ್ ಎಂಜಿನಿಯರ್ ಪರೀಕ್ಷೆ ಇದೆ. ಇವೆಲ್ಲದರ ವಿವರ ನಿನ್ನ ಕಾಲೇಜಿನ ನೋಟಿಸ್ ಬೋರ್ಡಿನಲ್ಲೇ ಸಿಗುತ್ತದೆ, ಇಲ್ಲಿ ಉದ್ದ ಮಾಡುವುದಿಲ್ಲ.

ಸಾಫ್ಟ್‌ವೇರಿಗೆ ಹೋಗಲೇ ಅಂತ ಅರ್ಧ ಧ್ವನಿಯಲ್ಲಿ ಕೇಳಿದೆಯಲ್ಲ, ನನಗೆ ಬೇಜಾರಾಗುತ್ತದೆ ಅಂತ. ಇಲ್ಲ ಮಗು. ಇಷ್ಟವಿದ್ದರೆ ಹೋಗು, ಅದೂ ಕೆಲಸವೇ, ಅಲ್ಲೂ ಯಾರ ಪಕ್ಕ ಕೂರುತ್ತೀಯೆ ಅನ್ನುವುದೇ ಮುಖ್ಯ. ನನಗೆ ಬೇಜಾರಾಗುವುದು ಮೋಟರನ್ನು ಒಂದು ಸಲವೂ ಬಿಚ್ಚಿ ನೋಡದೆ, ಇದು ನನಗೆ ಬೇಡ ಅಂತ ಬಿಟ್ಟು ಹೋದರೆ. ನೋಡಿ ಬಿಡು. ನೋಡದೆ ಬಿಡಬೇಡ.

ಇಂಗ್ಲಿಷ್ ಬರುವುದಿಲ್ಲ ಅಂತ ಅಳುಕುತ್ತೀಯೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ನೀನು, ಆ ಅಳುಕು ನನಗೆ ಗೊತ್ತು. ಅಂಗಡಿಯಲ್ಲಿ ಇಂಗ್ಲಿಷ್ ಬೇಕಿಲ್ಲ, ಸ್ವಲ್ಪ ತಮಿಳು ಬೇಕು. ಅದು ವಾರದಲ್ಲಿ ಬರುತ್ತದೆ. ಕೆಲಸದವರನ್ನು ಅಣ್ಣಾ ಅನ್ನು, ಅವರ ಮಾತಿನಲ್ಲಿ ಪ್ರತಿ ಉಪಕರಣಕ್ಕೆ ಏನು ಹೆಸರು ಅಂತ ಕೇಳಿ ಬರೆದುಕೊ. ಪುಸ್ತಕದ ಹೆಸರು ಒಂದು ಕಡೆ, ಅವರ ಹೆಸರು ಇನ್ನೊಂದು ಕಡೆ. ಇಂಟರ್‌ವ್ಯೂನಲ್ಲಿ ಕೂತಾಗ, ಕಣ್ಣಾರೆ ಕಂಡದ್ದನ್ನು ಹೇಳುವವಳಿಗೆ ಮಾತು ತಾನಾಗಿ ಬರುತ್ತದೆ. ಕಾಣದ್ದನ್ನು ಹೇಳಲು ಹೋದಾಗಲೇ ಇಂಗ್ಲಿಷ್ ಕೈಕೊಡುವುದು.

ಒಂದು ನೋಟ್‌ಬುಕ್ ಇಟ್ಟುಕೊ. ಅಂದವಾಗಿ ಬರೆಯಬೇಕಿಲ್ಲ. ತಾರೀಕು, ಯಾವ ಮೋಟರ್, ಎಷ್ಟು ಹಾರ್ಸ್‌ಪವರ್, ಏನಾಗಿ ಬಂತು, ಮೇಸ್ತ್ರಿ ಮೊದಲು ಎಲ್ಲಿ ನೋಡಿದರು, ನೀನು ಏನು ಅಂದುಕೊಂಡಿದ್ದೆ, ನಿಜವಾಗಿ ಏನಾಗಿತ್ತು. ಆ ಕೊನೆಯ ಎರಡು ಕಾಲಂ ಬಿಡಬೇಡ. ನಿನ್ನ ಊಹೆ ತಪ್ಪಿದ ಕಡೆ ಕೆಂಪು ಶಾಯಿಯಲ್ಲಿ ಗೆರೆ ಎಳೆ. ಮೆಗ್ಗರ್ ಹಿಡಿದು ಇನ್ಸುಲೇಷನ್ ನೋಡಿದರೆ ಬರೀ ಸಂಖ್ಯೆ ಬರೆಯಬೇಡ. ಮಳೆ ಬಂದಿತ್ತೇ, ಬಿಸಿಲಿತ್ತೇ, ಮೋಟರ್ ಬಿಸಿಯಿತ್ತೇ, ತಣ್ಣಗಿತ್ತೇ, ಅದನ್ನೂ ಬರೆ. ಬೆಳಿಗ್ಗೆ ಬಂದ ಸಂಖ್ಯೆ ಮಧ್ಯಾಹ್ನ ಬರುವುದಿಲ್ಲ. ಈ ನೋಟ್‌ಬುಕ್ಕನ್ನು ಕೊನೆಯ ವರ್ಷದ ಇಂಟರ್‌ವ್ಯೂಗೆ ತೆಗೆದುಕೊಂಡು ಹೋಗು.

ಮೊದಲ ಭಾನುವಾರ ಕೆಲಸವಿಲ್ಲ. ಅವತ್ತು ರಾಯಪುರಂ ಸ್ಟೇಷನ್ ತೋರಿಸುತ್ತೇನೆ. ಕೆಂಪು ಬಣ್ಣದ ಗೋಡೆ, ಎತ್ತರದ ಕಂಬಗಳು, ಈಗ ಹೆಚ್ಚು ಜನ ಇಳಿಯುವುದಿಲ್ಲ. ದಕ್ಷಿಣ ಭಾರತದ ಮೊದಲ ರೈಲು ಹೊರಟದ್ದು ಇಲ್ಲಿಂದ, 1856ರಲ್ಲಿ, ವಾಲಾಜಾ ರೋಡಿನವರೆಗೆ. ಆ ಹಳಿಯೇ ಮುಂದೆ ಜೋಲಾರಪೇಟೆ ದಾಟಿ 1864ರಲ್ಲಿ ಬೆಂಗಳೂರು ಕಂಟೋನ್ಮೆಂಟ್ ಮುಟ್ಟಿತು. ಸೆಂಟ್ರಲ್ ಸ್ಟೇಷನ್ ಆಗ ಇರಲೇ ಇಲ್ಲ, ಅದು ಬಂದದ್ದು 1873ರಲ್ಲಿ. ಬೆಂಗಳೂರಿಗೆ ಮೊದಲ ರೈಲು ಬಂದ ದಾರಿಯ ಈ ತುದಿಯಲ್ಲಿ ನೀನು ನಿಲ್ಲುವುದನ್ನು ನೋಡಬೇಕು ಅಂತ ನನಗೆ ಆಸೆ. ಆಮೇಲೆ ಬಸ್ಸಿನಲ್ಲಿ ಉತ್ತರಕ್ಕೆ ಹೋಗೋಣ. ತಿರುವೊಟ್ರಿಯೂರು, ಅಲ್ಲಿ ಎಮ್‌ಆರ್‌ಎಫ್ 1946ರಲ್ಲಿ ಆಟದ ಬಲೂನು ಮಾಡುವ ಶೆಡ್ಡಾಗಿ ಶುರುವಾದದ್ದು. ಮುಂದೆ ಎಣ್ಣೂರಿನ ಲೇಲ್ಯಾಂಡ್ ಕಾರ್ಖಾನೆ. ಹೊರಗಿನಿಂದ ಗೇಟು ನೋಡಿದರೂ ಸಾಕು, ಶಿಫ್ಟು ಬಿಡುವ ಹೊತ್ತಿಗೆ ನಿಂತರೆ ಎಷ್ಟು ಥರದ ಕೈಗಳು ಒಂದು ಲಾರಿ ಮಾಡುತ್ತವೆ ಅಂತ ಕಾಣುತ್ತದೆ.

ಬರುವಾಗ ಹತ್ತಿ ಬಟ್ಟೆ ತಾ. ನೈಲಾನು ಬೇಡ, ಬೆಸುಗೆಯ ಕಿಡಿ ಬಿದ್ದರೆ ಮೈಗೆ ಅಂಟುತ್ತದೆ. ದುಪಟ್ಟಾ ಹಾಕಿಕೊಂಡು ತಿರುಗುವ ಯಂತ್ರದ ಹತ್ತಿರ ಹೋಗುವ ಹಾಗಿಲ್ಲ. ಕೂದಲು ಕಟ್ಟಬೇಕು, ಬಳೆ ಬಿಚ್ಚಿಡಬೇಕು. ಅಜ್ಜಿಗೆ ಈಗಲೇ ಹೇಳಿ ಒಪ್ಪಿಸು, ಹೊರಡುವ ದಿನ ಜಗಳವಾಗುವುದು ಬೇಡ. ಸೇಫ್ಟಿ ಶೂ ನಾನು ಇಲ್ಲೇ ಪಾರೀಸ್ ಕಾರ್ನರಿನಲ್ಲಿ ತೆಗೆದಿಡುತ್ತೇನೆ. ನಿನ್ನ ಪಾದದ ಅಳತೆ ಸರಿಯಾಗಿ ಬರೆದು ಕಳಿಸು, ಒಂದು ಹಾಳೆಯ ಮೇಲೆ ಕಾಲಿಟ್ಟು ಸುತ್ತ ಗೆರೆ ಎಳೆದು ಕಳಿಸಿದರೆ ಇನ್ನೂ ಒಳ್ಳೆಯದು. ಹೆಣ್ಣುಮಕ್ಕಳ ಅಳತೆಯ ಸೇಫ್ಟಿ ಶೂ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಹುಡುಕಲು ನನಗೆ ನಾಲ್ಕು ದಿನ ಬೇಕು. ಈ ವಾರವೇ ಕಳಿಸು.

ನಿನ್ನ ತಾತ
ರಾಯಪುರಂ